ರಕ್ತದ ಹನಿಯಲ್ಲಿ ರೋಗದ ಗುರುತು

ಒಂದು ಹನಿ ರಕ್ತವನ್ನು ಪರೀಕ್ಷಿಸಿ, ದೇಹದಲ್ಲಿ ಕ್ಯಾನ್ಸರ್ ಎಂಬ ಅರ್ಬುದರೋಗವು ಹುಟ್ಟಿಕೊಂಡಿದೆಯೋ ಇಲ್ಲವೋ ಎಂಬುದನ್ನು ತಿಳಿಸತಕ್ಕ ಉಪಕರಣಗಳ ವಿಷಯವಾಗಿ ವರ್ತಮಾನಪತ್ರಗಳಲ್ಲಿ ಆಗಾಗ್ಗೆ ಬರಹಗಳು ಪ್ರಕಟವಾಗುತ್ತಿರುತ್ತವೆ. ಅವುಗಳನ್ನು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಈಗ ಕಲಿಯುತ್ತಿರುವ ಮಕ್ಕಳ ತಾಯಂದಿರೂ, ಈ ಸಂಗತಿಯು ಎಷ್ಟರಮಟ್ಟಿಗೆ ನಿಜವೆಂದು ನಮ್ಮನ್ನು ಕೇಳುವುದುಂಟು. ಇಂಥ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳುವುದು ಸರಿಯಲ್ಲ. ಅರ್ಧ ತಿಳುವಳಿಕೆಯಿಂದ ಹುಟ್ಟಿದ ಆಶೆಯೂ, ಅರ್ಧ ತಿಳುವಳಿಕೆಯಿಂದ ಹುಟ್ಟಿದ ಭಯವೂ ಕೇಡನ್ನೇ ಮಾಡುತ್ತವೆ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ನಮಗೆ ದೊರೆತಿರುವ ಪುಟಗಳನ್ನು ಈ ವಿಷಯವನ್ನು ಬಿಡಿಸಿ ಹೇಳುವುದಕ್ಕಾಗಿ ಉಪಯೋಗಿಸಿಕೊಳ್ಳುತ್ತೇವೆ.

ವಿಷಯವು ಅಲ್ಪವಾದುದಲ್ಲ. 2022ನೆಯ ಇಸವಿಯ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ, ಆ ಒಂದು ವರ್ಷದಲ್ಲಿ ಲೋಕದಲ್ಲೆಲ್ಲಾ ಹತ್ತಿರ ಹತ್ತಿರ 2 ಕೋಟಿ ಜನರಿಗೆ ಈ ರೋಗವು ಹೊಸದಾಗಿ ಕಂಡುಬಂದಿತು. ನಮ್ಮ ಭಾರತದಲ್ಲಿ ಸುಮಾರು 14 ಲಕ್ಷ ಮಂದಿಗೆ ಕಂಡು, 9 ಲಕ್ಷಕ್ಕೂ ಮಿಕ್ಕಿದವರು ತೀರಿಹೋದರು. ನಮ್ಮ ದೇಶದ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರು ಮೊದಲನೆಯದಾಗಿಯೂ, ಗರ್ಭಕೋಶದ ಕೊರಳಿನ ಕ್ಯಾನ್ಸರು ಎರಡನೆಯದಾಗಿಯೂ ಇರುತ್ತವೆ. ಈ ಎರಡೂ ಬೇಗನೆ ಕಂಡುಬಂದರೆ ವಾಸಿಯಾಗತಕ್ಕವುಗಳೇ. ಆದರೆ ನಮ್ಮ ಹೆಂಗಸರು ಭಯದಿಂದಲೂ, ನಾಚಿಕೆಯಿಂದಲೂ, ಮನೆಯ ಕೆಲಸ ಮುಗಿಯಲಿ ಎಂಬ ಅಲಕ್ಷ್ಯದಿಂದಲೂ ತಡಮಾಡಿ ವೈದ್ಯರ ಬಳಿಗೆ ಹೋಗುತ್ತಾರೆ. ರೋಗವು ತಾನಾಗಿ ತೋರಿಬರುವುದಕ್ಕೆ ಮುಂಚೆಯೇ ಅದನ್ನು ಹಿಡಿಯುವ ಸಾಧನವೊಂದು ಬೇಕೆಂದು ವಿಜ್ಞಾನಿಗಳು ಶ್ರಮಿಸುತ್ತಿರುವುದಕ್ಕೆ ಇದೇ ಕಾರಣ.

ರೋಗದ ಗುರುತುಗಳು

ಬೆಂಕಿಯು ಕಣ್ಣಿಗೆ ಕಾಣುವುದಕ್ಕೆ ಮೊದಲು ಹೊಗೆಯು ಕಾಣುತ್ತದೆ. ಅದರಂತೆಯೇ, ಶರೀರದ ಒಳಗೆ ಕೆಟ್ಟ ಜೀವಕಣಗಳು ಬೆಳೆಯತೊಡಗಿದಾಗ ಅವು ಕೆಲವು ಪದಾರ್ಥಗಳನ್ನು ರಕ್ತದಲ್ಲಿಯೋ ಮೂತ್ರದಲ್ಲಿಯೋ ಬಿಡುವುದುಂಟು. ಇವುಗಳಿಗೆ ಜೈವಿಕ ಗುರುತುಗಳೆಂದು ಹೆಸರು. ಇವುಗಳಲ್ಲಿ ಬಹುಭಾಗ ಪ್ರೋಟೀನು ಎಂಬ ಜಾತಿಗೆ ಸೇರಿದವುಗಳು. ಈ ವಿದ್ಯೆಯು ನಿನ್ನೆ ಮೊನ್ನೆಯದಲ್ಲ. ಹೆನ್ರಿ ಬೆನ್ಸ್ ಜೋನ್ಸ್ ಎಂಬ ಲಂಡನ್ನಿನ ವೈದ್ಯರು 1840ರ ದಶಕದ ಕೊನೆಯಲ್ಲಿಯೇ ಮೂಳೆಯ ಮಜ್ಜೆಯ ರೋಗವಿದ್ದ ಒಬ್ಬನ ಮೂತ್ರದಲ್ಲಿ ಒಂದು ವಿಚಿತ್ರ ಪ್ರೋಟೀನನ್ನು ಕಂಡರು. ಅದು ಕ್ಯಾನ್ಸರಿನ ಗುರುತುಗಳಲ್ಲಿ ಮೊಟ್ಟಮೊದಲನೆಯದೆಂದು ಇಂದಿಗೂ ಎಣಿಸಲ್ಪಡುತ್ತದೆ.

ಆ ಬಳಿಕ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ ಉಳಿದವು ಒಂದೊಂದಾಗಿ ಬೆಳಕಿಗೆ ಬಂದವು. 1963ರಲ್ಲಿ ರಷ್ಯಾದ ಅಬೆಲೆವ್ ಎಂಬವರು, ಗರ್ಭಸ್ಥ ಶಿಶುವಿನ ಯಕೃತ್ತಿನಲ್ಲಿ ತಯಾರಾಗತಕ್ಕ ಆಲ್ಫಾ ಫೀಟೋ ಪ್ರೋಟೀನು ಎಂಬ ಪದಾರ್ಥವು ಯಕೃತ್ತಿನ ಕ್ಯಾನ್ಸರಿನಲ್ಲಿ ಮರಳಿ ತೋರುವುದೆಂಬುದನ್ನು ಇಲಿಗಳಲ್ಲಿ ಕಂಡುಹಿಡಿದರು. 1965ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ಪಟ್ಟಣದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮುಯೆಲ್ ಫ್ರೀಡ್‌ಮನ್ ಎಂಬವರು ದೊಡ್ಡ ಕರುಳಿನ ಕ್ಯಾನ್ಸರಿಗೆ ಸಂಬಂಧಪಟ್ಟ ಸಿ.ಇ.ಎ. ಎಂಬ ಗುರುತನ್ನೂ, 1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತವರ ಸಂಗಡಿಗರು ಅಂಡಕೋಶದ ಕ್ಯಾನ್ಸರಿನಲ್ಲಿ ಏರುವ ಸಿ.ಎ. 125 ಎಂಬ ಗುರುತನ್ನೂ ಪ್ರಕಟಿಸಿದರು. ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ಪಿ.ಎಸ್.ಎ. ಎಂಬ ಇನ್ನೊಂದು ಗುರುತು ಎಲ್ಲಕ್ಕಿಂತಲೂ ಹೆಚ್ಚು ಪ್ರಸಿದ್ಧವಾಗಿದೆ.

ಗುರುತುಗಳು ಇವೆಯೆಂದು ತಿಳಿದರೆ ಸಾಲದು. ಅಳೆಯುವ ಬಗೆ ಬೇಕು. ಕಷ್ಟವಿರುವುದು ಇಲ್ಲಿಯೇ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಆರೋಗ್ಯವಂತ ಮನುಷ್ಯನ ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಮಿನಷ್ಟು ಸಕ್ಕರೆಯ ಅಂಶವಿರುತ್ತದೆ. ಸಿ.ಇ.ಎ. ಗುರುತಾದರೋ ಒಂದು ಮಿಲಿಲೀಟರಿನಲ್ಲಿ 5 ನ್ಯಾನೊಗ್ರಾಮನ್ನು ದಾಟಿತೆಂದರೆ ವೈದ್ಯರು ಸಂಶಯಪಡುತ್ತಾರೆ. ಒಂದು ಮಿಲಿಗ್ರಾಮು ಎಂದರೆ 10 ಲಕ್ಷ ನ್ಯಾನೊಗ್ರಾಮು. ಹಾಗಾದರೆ ನಾವು ಹುಡುಕುವ ಪದಾರ್ಥವು ರಕ್ತದ ಸಕ್ಕರೆಗಿಂತ 2 ಲಕ್ಷ ಪಾಲು ಕಡಮೆ ಎಂದಾಯಿತು. ಒಂದು ಕಣಜದ ಅಕ್ಕಿಯಲ್ಲಿ ಬಿದ್ದ ಒಂದೆರಡು ರಾಗಿಯ ಕಾಳುಗಳನ್ನು ಆರಿಸುವ ಕೆಲಸವಿದು.

ಈ ಕೆಲಸವನ್ನು ಸಾಧ್ಯಮಾಡಿದವರಲ್ಲಿ ಇಬ್ಬರು ಸ್ತ್ರೀಯರೆಂಬುದನ್ನು ನಮ್ಮ ಹುಡುಗಿಯರು ಮರೆಯಬಾರದು. ನ್ಯೂಯಾರ್ಕಿನ ರೊಸಾಲಿನ್ ಯಾಲೊ ಎಂಬವರು ಬರ್ಸನ್ ಎಂಬ ವೈದ್ಯರೊಂದಿಗೆ ಸೇರಿ, ರಕ್ತದಲ್ಲಿ ಅತ್ಯಲ್ಪವಾಗಿರುವ ಇನ್ಸುಲಿನನ್ನು ಪ್ರತಿಕಾಯಗಳ ಸಹಾಯದಿಂದಲೂ ಕಿರಣ ಸೂಸುವ ದ್ರವ್ಯದ ಸಹಾಯದಿಂದಲೂ ಅಳೆಯುವ ಕ್ರಮವನ್ನು 1950ರ ದಶಕದ ಕೊನೆಯಲ್ಲಿ ರೂಪಿಸಿದರು. ಅದಕ್ಕಾಗಿ 1977ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಸ್ವೀಡನ್ ದೇಶದ ಇವಾ ಎಂಗ್ವಾಲ್ ಎಂಬವರು 1971ರಲ್ಲಿ ಪೀಟರ್ ಪರ್ಲ್‌ಮನ್ ಎಂಬವರೊಂದಿಗೆ, ಕಿರಣದ್ರವ್ಯಕ್ಕೆ ಬದಲಾಗಿ ಬಣ್ಣ ಹುಟ್ಟಿಸುವ ಕಿಣ್ವವನ್ನು ಉಪಯೋಗಿಸುವ ಎಲೈಸಾ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಇಂದು ಆಸ್ಪತ್ರೆಗಳಲ್ಲಿ ನಡೆಯುವ ಈ ಬಗೆಯ ಪರೀಕ್ಷೆಗಳೆಲ್ಲಾ ಇದೇ ವಂಶಕ್ಕೆ ಸೇರಿದವುಗಳು. ಆದರೆ ಅವುಗಳಿಗೆ ದೊಡ್ಡ ಯಂತ್ರಗಳೂ, ಪಳಗಿದ ಕೈಗಳೂ, ಹಲವು ಸಲ ತೊಳೆಯುವ ಕ್ರಮವೂ ಬೇಕಾಗುತ್ತವೆ. ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಕುಳಿತ ದಾದಿಯು ಇವುಗಳನ್ನು ನಡಿಸಲಾರಳು.

ವಿದ್ಯುತ್ತಿನಿಂದ ಅಳೆಯುವ ಬಗೆ

ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಸಿಹಿಮೂತ್ರ ರೋಗದವರಿಗಾಗಿ ಇಟ್ಟುಕೊಂಡ ಚಿಕ್ಕ ಯಂತ್ರವೊಂದು ಇರುವುದು. ಬೆರಳನ್ನು ಚುಚ್ಚಿ ರಕ್ತದ ಹನಿಯನ್ನು ಒಂದು ಪಟ್ಟಿಗೆ ತಾಗಿಸಿದರೆ ಕೆಲವು ಕ್ಷಣಗಳಲ್ಲಿ ಸಕ್ಕರೆಯ ಪ್ರಮಾಣವು ಅಂಕೆಯಾಗಿ ಕಾಣುತ್ತದೆ. ಆ ಪಟ್ಟಿಯೇ ವಿದ್ಯುದ್ರಾಸಾಯನಿಕ ಶೋಧಕ. ನಾವು ವಿವರಿಸಲಿರುವ ಹೊಸ ಉಪಕರಣಗಳಿಗೆ ಅಕ್ಕನೆಂದು ಅದನ್ನು ಕರೆಯಬಹುದು.

ಅದರ ಮೂಲತತ್ವವು ಸರಳವಾದುದು. ಕೆಲವು ರಾಸಾಯನಿಕ ಕ್ರಿಯೆಗಳಲ್ಲಿ ಒಂದು ಪದಾರ್ಥವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಈ ಕೊಡುಕೊಳ್ಳುವಿಕೆಯ ನಡುವೆ ಒಂದು ತಂತಿಯನ್ನು ಇಟ್ಟರೆ ಎಲೆಕ್ಟ್ರಾನುಗಳು ಅದರ ಮೂಲಕ ಹರಿಯುತ್ತವೆ. ಹರಿಯುವ ಎಲೆಕ್ಟ್ರಾನುಗಳೇ ವಿದ್ಯುತ್ಪ್ರವಾಹ. ಹರಿದ ವಿದ್ಯುತ್ತಿನ ಮೊತ್ತಕ್ಕೂ ಮಾರ್ಪಟ್ಟ ಪದಾರ್ಥದ ಮೊತ್ತಕ್ಕೂ ನಿಶ್ಚಿತವಾದ ಸಂಬಂಧವಿದೆಯೆಂದು ಮೈಕೆಲ್ ಫ್ಯಾರಡೆಯವರು 1830ರ ದಶಕದಲ್ಲಿ ತೋರಿಸಿಕೊಟ್ಟರು. ಆದಕಾರಣ ಪ್ರವಾಹವನ್ನು ಅಳೆದರೆ ಪದಾರ್ಥವನ್ನು ಅಳೆದಂತೆಯೇ. ಈ ತತ್ವವನ್ನು ರಸಾಯನ ಪರೀಕ್ಷೆಗೆ ಅಳವಡಿಸಿದ ಪ್ರಾಗ್ ನಗರದ ಯಾರೊಸ್ಲಾವ್ ಹೇರೋವ್ಸ್ಕಿಯವರಿಗೆ 1959ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. 1962ರಲ್ಲಿ ಅಮೆರಿಕದ ಲೆಲೆಂಡ್ ಕ್ಲಾರ್ಕ್ ಎಂಬವರು ವಿದ್ಯುದ್ವಾರದ ಮೇಲೆ ಕಿಣ್ವವನ್ನು ಇರಿಸಿ ರಕ್ತದ ಸಕ್ಕರೆಯನ್ನು ಅಳೆಯುವ ಮಾರ್ಗವನ್ನು ಸೂಚಿಸಿದರು. ಇಂದಿನ ಪಟ್ಟಿಗಳು ಆ ಮಾರ್ಗದಿಂದಲೇ ಬಂದವು.

ಪಟ್ಟಿಯನ್ನು ಬಿಚ್ಚಿ ನೋಡಿದರೆ, ತಗಡಿನಂಥ ಪ್ಲಾಸ್ಟಿಕ್ಕಿನ ಮೇಲೆ ಇದ್ದಿಲ ಮಸಿಯಿಂದಲೋ ಲೋಹದಿಂದಲೋ ಮುದ್ರಿಸಿದ ಗೆರೆಗಳು ಕಾಣುತ್ತವೆ. ಅವೇ ವಿದ್ಯುದ್ವಾರಗಳು. ಪ್ರಯೋಗಶಾಲೆಗಳ ಶೋಧಕಗಳಲ್ಲಿ ಸಾಮಾನ್ಯವಾಗಿ ಇಂಥವು ಮೂರು ಇರುತ್ತವೆ. ಒಂದರ ಮೇಲೆ ಮುಖ್ಯ ಕ್ರಿಯೆಯು ನಡೆಯುತ್ತದೆ. ಇನ್ನೊಂದು, ಒತ್ತಡವು ಎಷ್ಟಿದೆಯೆಂದು ಹೋಲಿಸಿ ನೋಡುವುದಕ್ಕಾಗಿ ಬದಲಾಗದೆ ನಿಲ್ಲುತ್ತದೆ. ಮೂರನೆಯದು ಪ್ರವಾಹದ ಸುತ್ತನ್ನು ಪೂರ್ಣಗೊಳಿಸುತ್ತದೆ.

ಸಕ್ಕರೆಯ ವಿಷಯದಲ್ಲಿ ಒಂದು ಅನುಕೂಲವುಂಟು. ಕಿಣ್ವವು ಸಕ್ಕರೆಯನ್ನು ನೇರವಾಗಿ ಮಾರ್ಪಡಿಸಿ ಅದರಿಂದ ಎಲೆಕ್ಟ್ರಾನುಗಳನ್ನು ತೆಗೆಯಬಲ್ಲುದು. ಕ್ಯಾನ್ಸರಿನ ಗುರುತುಗಳಾದರೋ ಹೀಗೆ ಸುಲಭವಾಗಿ ಎಲೆಕ್ಟ್ರಾನುಗಳನ್ನು ಕೊಡುವವಲ್ಲ. ಆದುದರಿಂದ ಎರಡು ಹೆಜ್ಜೆಗಳು ಬೇಕಾಗುತ್ತವೆ: ಮೊದಲು ಗುರುತನ್ನು ಹಿಡಿಯುವುದು, ಬಳಿಕ ಹಿಡಿದದ್ದನ್ನು ವಿದ್ಯುತ್ತಿಗೆ ತಿಳಿಸುವುದು. ಹಿಡಿಯುವ ಕೆಲಸಕ್ಕೆ ಪ್ರತಿಕಾಯವೆಂಬ ಪ್ರೋಟೀನನ್ನು ವಿದ್ಯುದ್ವಾರದ ಮೇಲೆ ಅಂಟಿಸುತ್ತಾರೆ. ಒಂದು ಬೀಗಕ್ಕೆ ಒಂದೇ ಬೀಗದ ಕೈ ಹೊಂದುವಂತೆ, ಒಂದು ಪ್ರತಿಕಾಯವು ತನಗೆ ತಕ್ಕ ಒಂದು ಪದಾರ್ಥವನ್ನು ಹಿಡಿದುಕೊಳ್ಳುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಕಂಡುಹಿಡಿದುದರಿಂದ ಈ ಕೆಲಸವು ಹಗುರವಾಯಿತು.

ತಿಳಿಸುವ ಕೆಲಸಕ್ಕೆ ಎರಡು ಉಪಾಯಗಳುಂಟು. ಮೊದಲನೆಯದರಲ್ಲಿ, ಹಿಡಿಯಲ್ಪಟ್ಟ ಗುರುತಿನ ಮೇಲೆ ಇನ್ನೊಂದು ಪ್ರತಿಕಾಯವನ್ನು ಕೂರಿಸುತ್ತಾರೆ. ಈ ಎರಡನೆಯದು ತನ್ನ ಬೆನ್ನ ಮೇಲೆ ಒಂದು ಕಿಣ್ವವನ್ನು ಹೊತ್ತಿರುತ್ತದೆ. ಕಿಣ್ವಕ್ಕೆ ತಕ್ಕ ದ್ರವವನ್ನು ಹಾಕಿದೊಡನೆ ಕ್ರಿಯೆಯು ನಡೆದು ಪ್ರವಾಹವು ಹರಿಯುತ್ತದೆ. ಗುರುತುಗಳು ಹೆಚ್ಚಿದ್ದರೆ ಪ್ರವಾಹವೂ ಹೆಚ್ಚು. ಎರಡನೆಯ ಉಪಾಯದಲ್ಲಿ ಕಿಣ್ವವು ಬೇಡ. ಗುರುತುಗಳು ಬಂದು ಕುಳಿತಷ್ಟೂ ವಿದ್ಯುದ್ವಾರದ ಮುಖವು ಮುಚ್ಚಿಹೋಗಿ ಎಲೆಕ್ಟ್ರಾನುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ. ಆ ಅಡ್ಡಿಯನ್ನೇ ಅಳೆಯುತ್ತಾರೆ. ಕಾಲುವೆಯಲ್ಲಿ ಹೂಳು ಎಷ್ಟು ತುಂಬಿದೆಯೆಂಬುದನ್ನು ನೀರಿನ ಹರಿವಿನಿಂದ ತಿಳಿಯುವ ರೀತಿ ಇದು.

ಅತಿಸೂಕ್ಷ್ಮ ದ್ರವ್ಯಗಳ ಸಹಾಯ

ಇಷ್ಟನ್ನು ಮಾಡಿದರೂ, ಗುರುತುಗಳು ಅತ್ಯಲ್ಪವಾಗಿರುವಾಗ ಹುಟ್ಟುವ ಪ್ರವಾಹವು ಬಹಳ ಕ್ಷೀಣವಾಗಿರುತ್ತದೆ. ಅದನ್ನು ಬಲಪಡಿಸುವುದಕ್ಕಾಗಿ ನ್ಯಾನೊ ದ್ರವ್ಯಗಳ ಸಹಾಯವನ್ನು ತೆಗೆದುಕೊಳ್ಳುತ್ತಾರೆ. ನ್ಯಾನೊ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ಕುಳ್ಳ ಎಂದು ಅರ್ಥ. ಒಂದು ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲೇ ನ್ಯಾನೊಮೀಟರು. ನಮ್ಮ ತಲೆಗೂದಲಿನ ದಪ್ಪವು ಸುಮಾರು 80,000 ನ್ಯಾನೊಮೀಟರುಗಳಷ್ಟಾಗುತ್ತದೆ. ಶೋಧಕಗಳಲ್ಲಿ ಉಪಯೋಗಿಸುವ ಚಿನ್ನದ ಕಣಗಳು 20 ನ್ಯಾನೊಮೀಟರಿನಷ್ಟು ಚಿಕ್ಕವಾಗಿರಬಹುದು. ಇಂಥ ಚಿನ್ನದ ಕಣಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರೂ ಫ್ಯಾರಡೆಯವರೇ. 1857ರಲ್ಲಿ ಅವರು, ಬಹು ಸೂಕ್ಷ್ಮವಾಗಿ ಒಡೆದ ಚಿನ್ನವು ನೀರಿನಲ್ಲಿ ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗಿ ತೋರುವುದೆಂದು ವಿವರಿಸಿದರು.

ಚಿಕ್ಕದು ಮಾಡುವುದರಿಂದ ಏನು ಲಾಭ? ಅಡಿಗೆಮನೆಯಲ್ಲಿ ಇದಕ್ಕೆ ಉತ್ತರವುಂಟು. ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿದರೆ ಕರಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಪುಡಿಮಾಡಿ ಹಾಕಿದರೆ ಬೇಗನೆ ಕರಗುತ್ತದೆ. ಬೆಲ್ಲವು ಹೆಚ್ಚಾಗಲಿಲ್ಲ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚಾಯಿತು. ಇದನ್ನೇ ಲೆಕ್ಕದಿಂದ ತೋರಿಸೋಣ. ಪ್ರತಿ ಪಕ್ಕವೂ ಒಂದು ಸೆಂಟಿಮೀಟರು ಇರುವ ಘನಾಕೃತಿಯ ಮೈಯು ಒಟ್ಟು 6 ಚದರ ಸೆಂಟಿಮೀಟರು. ಅದನ್ನು ಒಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ 1,000 ತುಂಡುಗಳಾಗಿ, ಒಟ್ಟು ಮೈಯು 60 ಚದರ ಸೆಂಟಿಮೀಟರಾಗುತ್ತದೆ. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಲು ಸಾಧ್ಯವಾದರೆ ಒಟ್ಟು ಮೈಯು 600 ಚದರ ಮೀಟರಾಗುತ್ತದೆ. ಬೆರಳ ತುದಿಯಷ್ಟು ದ್ರವ್ಯದಲ್ಲಿ ಒಂದು ದೊಡ್ಡ ಅಂಗಳದಷ್ಟು ಜಾಗವು ಅಡಗಿದೆಯೆಂದಾಯಿತು. ಅಷ್ಟು ಜಾಗದಲ್ಲಿ ಎಷ್ಟೊಂದು ಪ್ರತಿಕಾಯಗಳನ್ನು ಕೂರಿಸಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇದಲ್ಲದೆ ಚಿನ್ನಕ್ಕೆ ಗಂಧಕದೊಡನೆ ಬಲವಾದ ನಂಟು ಉಂಟು. ಗಂಧಕವಿರುವ ಅಣುಗಳನ್ನು ನಡುವೆ ಸೇರಿಸಿ ಪ್ರತಿಕಾಯಗಳನ್ನು ಚಿನ್ನದ ಮೇಲೆ ಗಟ್ಟಿಯಾಗಿ ನಿಲ್ಲಿಸುತ್ತಾರೆ.

ಇದ್ದಿಲಿನ ಜಾತಿಯ ದ್ರವ್ಯಗಳೂ ಈ ಕೆಲಸಕ್ಕೆ ಬಂದಿರುತ್ತವೆ. 1991ರಲ್ಲಿ ಜಪಾನಿನ ಸುಮಿಯೊ ಈಜಿಮ ಎಂಬವರು ಇಂಗಾಲದ ಅತಿಸೂಕ್ಷ್ಮ ಕೊಳವೆಗಳನ್ನು ವರ್ಣಿಸಿದರು. 2004ರಲ್ಲಿ ಮ್ಯಾಂಚೆಸ್ಟರಿನ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬವರು ಪೆನ್ಸಿಲ್ಲಿನಲ್ಲಿರುವಂಥ ಗ್ರಾಫೈಟಿನಿಂದ, ಸಾಧಾರಣ ಅಂಟುಪಟ್ಟಿಯ ಸಹಾಯದಿಂದ, ಒಂದೇ ಒಂದು ಪರಮಾಣುವಿನ ದಪ್ಪವಿರುವ ಗ್ರಾಫೀನ್ ಎಂಬ ಹಾಳೆಯನ್ನು ಸುಲಿದು ತೆಗೆದರು. 2010ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಇವು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತವೆ. ಈ ಬಗೆಯ ದ್ರವ್ಯಗಳನ್ನು ಕುರಿತು ನಮ್ಮ ಬೆಂಗಳೂರಿನಲ್ಲಿಯೇ ಬಹುಕಾಲ ಸಂಶೋಧನೆ ನಡಿಸಿದವರು ಸಿ. ಎನ್. ಆರ್. ರಾವ್ ಅವರು. ಅವರಿಗೆ 2014ರಲ್ಲಿ ಭಾರತ ರತ್ನ ಪ್ರಶಸ್ತಿಯನ್ನು ನೀಡಲಾಯಿತು.

ಈ ದ್ರವ್ಯಗಳನ್ನು ಹೊರೆಯಾಳುಗಳಂತೆ ಉಪಯೋಗಿಸುವುದೂ ಉಂಟು. ಎರಡನೆಯ ಪ್ರತಿಕಾಯಕ್ಕೆ ಒಂದೇ ಕಿಣ್ವವನ್ನು ಹೊರಿಸುವುದರ ಬದಲಾಗಿ, ಅನೇಕ ಕಿಣ್ವಗಳನ್ನು ಹೊತ್ತ ಇಂಗಾಲದ ಕೊಳವೆಯನ್ನು ಅದಕ್ಕೆ ಕಟ್ಟಿದರೆ, ಒಂದು ಗುರುತಿಗೆ ಪ್ರತಿಯಾಗಿ ಅನೇಕ ಪಟ್ಟು ಪ್ರವಾಹವು ಹುಟ್ಟುತ್ತದೆ. 2006ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದ ಜೇಮ್ಸ್ ರಸ್ಲಿಂಗ್ ಅವರ ತಂಡದವರು ಈ ಉಪಾಯದಿಂದ, ಹತ್ತು ಮೈಕ್ರೊಲೀಟರು, ಅಂದರೆ ಒಂದು ಹನಿಗಿಂತಲೂ ಕಡಮೆ ದ್ರವದಲ್ಲಿ, ಮಿಲಿಲೀಟರಿಗೆ 4 ಪಿಕೊಗ್ರಾಮಿನಷ್ಟು ಮಾತ್ರವಿದ್ದ ಪಿ.ಎಸ್.ಎ. ಗುರುತನ್ನು ಪತ್ತೆಮಾಡಿದರು. ವೈದ್ಯರು ವಾಡಿಕೆಯಾಗಿ ಸಂಶಯದ ಗಡಿಯೆಂದು ಹಿಡಿಯುತ್ತಿದ್ದ 4 ನ್ಯಾನೊಗ್ರಾಮಿನ ಸಾವಿರದಲ್ಲಿ ಒಂದು ಪಾಲು ಇದು. ಆ ಬಳಿಕ ಲೋಕದ ನಾನಾ ಕಡೆಗಳಲ್ಲಿ ಇಂಥ ಶೋಧಕಗಳನ್ನು ಕುರಿತ ಪ್ರಬಂಧಗಳು ಲೆಕ್ಕವಿಲ್ಲದಷ್ಟು ಹೊರಟಿವೆ.

ದಾರಿಯಲ್ಲಿರುವ ತೊಡಕುಗಳು

ಹಾಗಾದರೆ ಈ ಶೋಧಕಗಳು ಔಷಧದ ಅಂಗಡಿಯಲ್ಲಿ ಏಕೆ ಸಿಗುವುದಿಲ್ಲ? ಕೇಳತಕ್ಕ ಪ್ರಶ್ನೆಯೇ ಸರಿ. ಮೊದಲನೆಯ ತೊಡಕು ರಕ್ತದಲ್ಲಿಯೇ ಇದೆ. ರಕ್ತವು ಶುದ್ಧವಾದ ನೀರಲ್ಲ. ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಒಂದೇ ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಮಿನಷ್ಟು ಇರುತ್ತದೆ. ನಾವು ಹುಡುಕುವ 5 ನ್ಯಾನೊಗ್ರಾಮಿಗೆ ಇದು 80 ಲಕ್ಷ ಪಟ್ಟು. ಜಾತ್ರೆಯ ಜನಸಂದಣಿಯಲ್ಲಿ ಕರೆಯದವರೂ ಬಂದು ಜಗುಲಿಯ ಮೇಲೆ ಕೂತುಕೊಳ್ಳುವಂತೆ, ಈ ಬೇಡದ ಪ್ರೋಟೀನುಗಳು ವಿದ್ಯುದ್ವಾರದ ಮೇಲೆ ಅಂಟಿಕೊಂಡು ಸುಳ್ಳು ಸೂಚನೆಯನ್ನು ಕೊಡಬಹುದು, ಅಥವಾ ನಿಜವಾದ ಸೂಚನೆಯನ್ನು ಮುಚ್ಚಬಹುದು. ಇದನ್ನು ತಡೆಯುವುದಕ್ಕಾಗಿ ಖಾಲಿ ಉಳಿದ ಜಾಗವನ್ನೆಲ್ಲಾ ಬೇರೆ ನಿರುಪದ್ರವಿ ಪದಾರ್ಥದಿಂದ ಮೊದಲೇ ತುಂಬಿಡುತ್ತಾರೆ. ಪ್ರಯೋಗಶಾಲೆಯ ಶುದ್ಧ ದ್ರಾವಣದಲ್ಲಿ ಸೊಗಸಾಗಿ ಕೆಲಸಮಾಡಿದ ಎಷ್ಟೋ ಶೋಧಕಗಳು ನಿಜವಾದ ರಕ್ತದ ಮುಂದೆ ಸೋತಿರುತ್ತವೆ.

ಎರಡನೆಯದು, ಒಂದು ಪಟ್ಟಿಯಂತೆಯೇ ಇನ್ನೊಂದು ಪಟ್ಟಿಯು ಇರಬೇಕು. ಕಣ್ಣಿಗೆ ಕಾಣದ ಕಣಗಳನ್ನು ಲಕ್ಷಾಂತರ ಪಟ್ಟಿಗಳ ಮೇಲೆ ಒಂದೇ ಸಮನಾಗಿ ಹರಡುವುದು ಕಷ್ಟ. ಮೂರನೆಯದು, ಪ್ರತಿಕಾಯಗಳು ಶಾಖಕ್ಕೆ ಕೆಡುತ್ತವೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ತಿಂಗಳುಗಟ್ಟಲೆ ಇದ್ದ ಪಟ್ಟಿಯೂ ಸರಿಯಾದ ಅಂಕೆಯನ್ನೇ ಕೊಡಬೇಕು. ನಾಲ್ಕನೆಯದೂ ಎಲ್ಲಕ್ಕಿಂತ ದೊಡ್ಡದೂ ಆದ ತೊಡಕು, ರೋಗಿಗಳ ಮೇಲೂ ಆರೋಗ್ಯವಂತರ ಮೇಲೂ ವರ್ಷಾನುಗಟ್ಟಲೆ ನಡಿಸಬೇಕಾದ ಪರೀಕ್ಷೆಯಾಗಿದೆ. ಇದಕ್ಕೆ ಹಣವೂ ತಾಳ್ಮೆಯೂ ಬೇಕು.

ತಾಳ್ಮೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಒಂದು ಪಾಠವು ಲೋಕದ ಮುಂದಿದೆ. 2003ರಲ್ಲಿ ಅಮೆರಿಕದ ಎಲಿಜಬೆತ್ ಹೋಮ್ಸ್ ಎಂಬ ಯುವತಿಯು ಸ್ಥಾಪಿಸಿದ ಥೆರಾನೋಸ್ ಎಂಬ ಕಂಪೆನಿಯು, ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆಗಳನ್ನು ಮಾಡುವುದಾಗಿ ಸಾರಿ ಅಪಾರವಾದ ಹಣವನ್ನು ಕೂಡಿಸಿತು. ಯಂತ್ರವು ಹೇಳಿದಂತೆ ನಡೆಯಲಿಲ್ಲ. 2022ರ ಜನವರಿಯಲ್ಲಿ ನ್ಯಾಯಾಲಯವು, ಹಣ ಹೂಡಿದವರನ್ನು ವಂಚಿಸಿದ ಅಪರಾಧವು ಆಕೆಯ ಮೇಲೆ ಸಿದ್ಧವಾಯಿತೆಂದು ತೀರ್ಮಾನಿಸಿತು. ಆ ಕಂಪೆನಿಯ ಯಂತ್ರವು ನಾವು ವರ್ಣಿಸಿದ ಶೋಧಕದ ಜಾತಿಯದಲ್ಲವಾದರೂ, ಜಾಹೀರಾತಿನ ಮಾತಿಗೂ ರುಜುವಾತಾದ ಮಾತಿಗೂ ಇರುವ ಅಂತರವನ್ನು ತಿಳಿಯುವುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡ.

ಅಂಕೆಯ ಅರ್ಥ

ತೊಡಕುಗಳೆಲ್ಲಾ ನಿವಾರಣೆಯಾಗಿ ಉತ್ತಮವಾದ ಶೋಧಕವು ಕೈಗೆ ಬಂತೆಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಪ್ರಶ್ನೆಯು ಉಳಿಯುತ್ತದೆ: ಅದು ತೋರಿಸುವ ಅಂಕೆಯ ಅರ್ಥವೇನು? ಸಿ.ಎ. 125 ಗುರುತು ಅಂಡಕೋಶದ ಕ್ಯಾನ್ಸರಿನಲ್ಲಿ ಏರುತ್ತದೆ, ನಿಜ; ಆದರೆ ಮುಟ್ಟಿನ ದಿನಗಳಲ್ಲಿಯೂ, ಬಸುರಿನಲ್ಲಿಯೂ, ಹೊಟ್ಟೆಯ ಕ್ಷಯರೋಗದಲ್ಲಿಯೂ ಅದು ಏರುವುದುಂಟು. ಸಿ.ಇ.ಎ. ಗುರುತು ಹೊಗೆಬತ್ತಿ ಸೇದುವವರಲ್ಲಿ ರೋಗವಿಲ್ಲದೆಯೂ ಹೆಚ್ಚಾಗಿರುತ್ತದೆ. ರೋಗವಿದ್ದೂ ಗುರುತು ಏರದಿರುವುದೂ ಉಂಟು. ಹೊಗೆಯಿದ್ದಲ್ಲೆಲ್ಲಾ ಮನೆಗೆ ಬೆಂಕಿ ಬಿದ್ದಿರುವುದಿಲ್ಲ, ಒಲೆ ಉರಿಯುತ್ತಿರಲೂಬಹುದು.

ನಮ್ಮ ಹೈಸ್ಕೂಲಿನ ಹುಡುಗಿಯರು ಮಾಡಬಲ್ಲ ಲೆಕ್ಕವೊಂದರಿಂದ ಇದು ಸ್ಪಷ್ಟವಾಗುತ್ತದೆ. ಯಾವ ತೊಂದರೆಯೂ ಇಲ್ಲದ 10,000 ಮಂದಿ ಹೆಂಗಸರನ್ನು ಪರೀಕ್ಷಿಸಿದೆವೆಂದು ಭಾವಿಸೋಣ. ಅವರಲ್ಲಿ 4 ಮಂದಿಗೆ ಮಾತ್ರ ರೋಗವು ಅಡಗಿಕೊಂಡಿದೆಯೆಂದೂ, ಪರೀಕ್ಷೆಯು ಆ ನಾಲ್ವರನ್ನೂ ತಪ್ಪದೆ ಹಿಡಿಯುವುದೆಂದೂ, ಆದರೆ ಆರೋಗ್ಯವಂತರಾದ ನೂರು ಮಂದಿಯಲ್ಲಿ ಇಬ್ಬರ ವಿಷಯದಲ್ಲಿ ಮಾತ್ರ ತಪ್ಪುವುದೆಂದೂ ಇಟ್ಟುಕೊಳ್ಳೋಣ. ಉಳಿದ 9,996 ಮಂದಿಯಲ್ಲಿ ಸುಮಾರು 200 ಮಂದಿಗೆ ರೋಗವಿದೆಯೆಂದು ಅದು ಸುಳ್ಳು ಹೇಳುತ್ತದೆ. ಭಯಗೊಂಡು ಆಸ್ಪತ್ರೆಗೆ ಓಡುವ 204 ಮಂದಿಯಲ್ಲಿ ರೋಗವಿರುವವರು ನಾಲ್ವರೇ! ಉಳಿದವರ ನಿದ್ರೆಗೆಟ್ಟ ರಾತ್ರಿಗಳೂ, ಖರ್ಚೂ, ಕೆಲವರಿಗೆ ಅನಾವಶ್ಯಕವಾಗಿ ಆಗುವ ಶಸ್ತ್ರಚಿಕಿತ್ಸೆಯೂ ಲೆಕ್ಕಕ್ಕೆ ಬರಬೇಡವೇ?

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಬ್ರಿಟನ್ ದೇಶದಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಮಂದಿ ಸ್ತ್ರೀಯರನ್ನು ಸೇರಿಸಿಕೊಂಡು, ಕೆಲವರಿಗೆ ಸಿ.ಎ. 125 ರಕ್ತಪರೀಕ್ಷೆಯಿಂದಲೂ ಕೆಲವರಿಗೆ ಅಲ್ಟ್ರಾಸೌಂಡ್ ಪರೀಕ್ಷೆಯಿಂದಲೂ ಅಂಡಕೋಶದ ಕ್ಯಾನ್ಸರನ್ನು ಹುಡುಕುತ್ತಾ, ಉಳಿದವರನ್ನು ಪರೀಕ್ಷಿಸದೆ ಹೋಲಿಕೆಗಾಗಿ ಇಟ್ಟುಕೊಂಡು, ಬಹು ವರ್ಷಗಳ ಕಾಲ ಗಮನಿಸಿದರು. 2021ರಲ್ಲಿ ಕೊನೆಯ ಫಲಿತಾಂಶವು ಹೊರಬಿದ್ದಿತು. ರಕ್ತಪರೀಕ್ಷೆಯಾದವರಲ್ಲಿ ರೋಗವು ಸ್ವಲ್ಪ ಮುಂಚಿತವಾಗಿ ಕಂಡುಬಂದರೂ, ಆ ರೋಗದಿಂದ ಸತ್ತವರ ಸಂಖ್ಯೆಯು ಗಮನಾರ್ಹವಾಗಿ ಕಡಮೆಯಾಗಲಿಲ್ಲ. ಮುಂಚಿತವಾಗಿ ಕಾಣುವುದೂ ಪ್ರಾಣವುಳಿಯುವುದೂ ಒಂದೇ ಅಲ್ಲವೆಂಬ ಕಠಿನವಾದ ಪಾಠವನ್ನು ಈ ಪರೀಕ್ಷೆಯು ಕಲಿಸಿತು.

ಇದರಿಂದ ಈ ಗುರುತುಗಳು ನಿಷ್ಪ್ರಯೋಜಕವೆಂದು ತಿಳಿಯಬಾರದು. ರೋಗವಿದೆಯೆಂದು ಆಗಲೇ ತಿಳಿದವರಲ್ಲಿ, ಶಸ್ತ್ರಚಿಕಿತ್ಸೆಯಾದ ಮೇಲೆ ರೋಗವು ಮರಳಿ ಬರುತ್ತಿದೆಯೋ, ಔಷಧವು ನಾಟುತ್ತಿದೆಯೋ ಎಂಬುದನ್ನು ನೋಡುವುದಕ್ಕೆ ಸಿ.ಇ.ಎ., ಸಿ.ಎ. 125 ಮುಂತಾದವುಗಳು ನಿತ್ಯವೂ ಉಪಯೋಗವಾಗುತ್ತಿವೆ. ಇಲ್ಲಿಯೇ ಹೊಸ ಶೋಧಕಗಳಿಂದ ಸಹಾಯವಾಗುವುದೆಂದು ನಾವು ನಂಬುತ್ತೇವೆ. ಪ್ರತಿ ತಪಾಸಣೆಗೂ ನೂರಾರು ಮೈಲಿ ಪ್ರಯಾಣಮಾಡಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ದೊಡ್ಡ ಸಂಸ್ಥೆಗೆ ಬರಬೇಕಾದ ಬಡ ರೋಗಿಗೆ, ತನ್ನ ತಾಲ್ಲೂಕಿನಲ್ಲಿಯೇ ಒಂದು ಪಟ್ಟಿಯಿಂದ ಆ ಅಂಕೆಯು ದೊರೆಯುವಂತಾದರೆ, ಆಕೆಯ ಕೂಲಿಯೂ ಉಳಿಯಿತು, ದೇಹಶ್ರಮವೂ ಉಳಿಯಿತು.

ನಾವು ಮಾಡತಕ್ಕದ್ದು

ಶೋಧಕವು ಬರಲೆಂದು ಕಾದು ಕುಳಿತುಕೊಳ್ಳುವ ಅಗತ್ಯವಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಅಲ್ಲಿಯ ಕೊಳಚೆಗೇರಿಗಳ ಸುಮಾರು ಒಂದೂವರೆ ಲಕ್ಷ ಸ್ತ್ರೀಯರಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಗರ್ಭಕೋಶದ ಕೊರಳಿಗೆ ವಿನಿಗರಿನ ಸತ್ವವನ್ನು ಹಚ್ಚಿ, ಬೆಳ್ಳಗಾಗುವ ಭಾಗವು ಇದೆಯೋ ಎಂದು ಬರಿಗಣ್ಣಿನಿಂದ ನೋಡುವ ಪರೀಕ್ಷೆ ಅದು. ಯಂತ್ರವಿಲ್ಲ, ವಿದ್ಯುತ್ತಿಲ್ಲ. ಎರಡು ವರ್ಷಗಳಿಗೊಮ್ಮೆ ಈ ಪರೀಕ್ಷೆಯಾದವರಲ್ಲಿ ಆ ಕ್ಯಾನ್ಸರಿನಿಂದಾಗುವ ಸಾವು ನೂರಕ್ಕೆ 31ರಷ್ಟು ಕಡಮೆಯಾಯಿತೆಂದು 2013ರಲ್ಲಿ ಪ್ರಕಟಿಸಿದರು. ಆ ಪರೀಕ್ಷೆಯನ್ನು ಮಾಡಿದವರು ದೊಡ್ಡ ಡಾಕ್ಟರುಗಳೆಂದು ತಿಳಿಯಬೇಡಿರಿ. ಹತ್ತನೆಯ ತರಗತಿಯವರೆಗೆ ಓದಿ, ಕೆಲವು ವಾರಗಳ ಶಿಕ್ಷಣವನ್ನು ಪಡೆದ ಆರೋಗ್ಯ ಕಾರ್ಯಕರ್ತೆಯರು ಅವರು. ಹೈಸ್ಕೂಲಿನ ಓದು ಹೆಣ್ಣುಮಕ್ಕಳಿಗೆ ಯಾಕೆ ಬೇಕೆಂದು ಈಗಲೂ ಯಾರಾದರೂ ಕೇಳಿದರೆ ಈ ಒಂದು ಉತ್ತರವು ಸಾಕು.

ಇದೇ ಕ್ಯಾನ್ಸರಿಗೆ ಎಚ್.ಪಿ.ವಿ. ಎಂಬ ವಿಷಕಣವು ಮೂಲವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದರಿಂದ ಕಾಪಾಡುವ ಲಸಿಕೆಯೂ ಉಂಟು. 9ರಿಂದ 14 ವಯಸ್ಸಿನೊಳಗಿನ ಹುಡುಗಿಯರಿಗೆ ಅದನ್ನು ಕೊಡುವುದು ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಈ ವಯಸ್ಸಿನ ಮಕ್ಕಳೇ ನಮ್ಮ ತರಗತಿಗಳಲ್ಲಿ ಬಹುಮಂದಿ ಇರುವುದರಿಂದ, ತಂದೆತಾಯಿಗಳು ತಮ್ಮ ವೈದ್ಯರೊಡನೆ ಈ ವಿಷಯವನ್ನು ಸಂಕೋಚವಿಲ್ಲದೆ ಮಾತಾಡಬೇಕೆಂದು ಕೇಳಿಕೊಳ್ಳುತ್ತೇವೆ.

ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮ ಮಾತು ಇಷ್ಟೇ. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತವು ಕಂಡರೆ, ಹೊಟ್ಟೆಯುಬ್ಬರವು ವಾರಗಟ್ಟಲೆ ಇಳಿಯದಿದ್ದರೆ, ಹಬ್ಬ ಕಳೆಯಲಿ, ಮಗಳ ಮದುವೆ ಮುಗಿಯಲಿ ಎಂದು ದಿನ ದೂಡಬೇಡಿರಿ. ರಕ್ತಪರೀಕ್ಷೆಯ ಅಂಕೆಯೊಂದು ಚೆನ್ನಾಗಿದೆಯೆಂದು ಗಂಟನ್ನು ಅಲಕ್ಷ್ಯಮಾಡಬೇಡಿರಿ. ಅಂಕೆಯೊಂದು ಏರಿದೆಯೆಂದು ಎದೆಗುಂದಲೂ ಬೇಡಿರಿ. ಎರಡು ಸಂದರ್ಭದಲ್ಲಿಯೂ ವೈದ್ಯರ ಬಳಿಗೆ ಹೋಗಿ, ಪರೀಕ್ಷೆಯು ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ ಎಂದು ಕೇಳಿರಿ. ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವುದನ್ನು ನಿಮಗೆ ಕಲಿಸಿದ್ದೇವೆ. ಆ ಅಭ್ಯಾಸವನ್ನು ಆಸ್ಪತ್ರೆಯಲ್ಲಿಯೂ ಬಿಡಬೇಡಿರಿ. ನಿಮ್ಮ ನೆರೆಮನೆಯಲ್ಲಿ ಓದುಬಾರದ ಹೆಂಗಸು ಇದ್ದರೆ ಆಕೆಯ ಪರವಾಗಿಯೂ ನೀವೇ ಕೇಳಿರಿ.